ಕಡಲ ನಡುವೆ ಸೈರನ್ ಕೂಗಿದಾಗ: ಹೆಸರು ಹಿಡಿದು ತಲೆ ಎಣಿಸಿ

ಊರಲ್ಲಿ ಬೆಂಕಿ ಬಿದ್ದರೆ ಬೀದಿಗೆ ಓಡಬಹುದು. ಸಮುದ್ರದ ನಡುವಿನ ತೈಲ ಪ್ಲಾಟ್‌ಫಾರ್ಮ್‌ನಲ್ಲಿ ಆ ಬೀದಿಯೇ ಇಲ್ಲ. ಮುಂಬೈ ಹೈ ತೈಲಕ್ಷೇತ್ರ ದಡದಿಂದ ಸುಮಾರು 160 ಕಿ.ಮೀ. ದೂರದಲ್ಲಿದೆ. 2005ರ ಜುಲೈ 27ರಂದು ಅಲ್ಲಿ, ಗಾಯಾಳು ಒಬ್ಬರನ್ನು ದಾಟಿಸಲು ಪಕ್ಕಕ್ಕೆ ಬಂದ ಹಡಗು ಅಲೆಯ ಹೊಡೆತಕ್ಕೆ ಸಿಕ್ಕಿ ರೈಸರ್‌ಗೆ, ಅಂದರೆ ಗ್ಯಾಸ್ ಸಾಗಿಸುವ ನೆಟ್ಟನೆಯ ಕೊಳವೆಗೆ, ಬಡಿಯಿತು. ಎರಡೇ ಗಂಟೆಯಲ್ಲಿ ಪ್ಲಾಟ್‌ಫಾರ್ಮ್ ಉರಿದು ಕುಸಿಯಿತು. ಮುಂಬೈ ಮಹಾಮಳೆಯ ಮರುದಿನ ಅದು, ಹೆಲಿಕಾಪ್ಟರ್ ನೆಚ್ಚುವಂತಿರಲಿಲ್ಲ. 384 ಜನರಲ್ಲಿ 22 ಜನ ಮನೆಗೆ ಮರಳಲಿಲ್ಲ.

ಇಂಥ ಜಾಗಕ್ಕೆ ತುರ್ತು ವ್ಯವಸ್ಥೆ ಕಟ್ಟುವವರು ಪಂಪು, ನೊರೆ, ಪೈಪಿನ ವಿವರಕ್ಕೆ ನೂರಾರು ಪುಟ ಮೀಸಲಿಡುತ್ತಾರೆ. ಜನರನ್ನು ಎಣಿಸುವ ಕೆಲಸಕ್ಕೆ ಒಂದು ಸಾಲು ಸಾಕೆಂದುಕೊಳ್ಳುತ್ತಾರೆ. ಎಡವುವುದು ಆ ಒಂದು ಸಾಲಿನಲ್ಲೇ.

ಹೆಜ್ಜೆ 1: ಯಾರ ಮಾತು ನಡೆಯಬೇಕು?

ಮೂರು ತಂಡ ಮಾಡಿ. ಪ್ಲಾಟ್‌ಫಾರ್ಮ್ ಮೇಲೆ ಓಐಎಂ, ಅಂದರೆ ಅಲ್ಲಿನ ಮುಖ್ಯ ಮ್ಯಾನೇಜರ್, ಮತ್ತು ಅವರ ತಂಡ. ದಡದಲ್ಲಿ ಹೆಲಿಕಾಪ್ಟರ್, ಹಡಗು, ವೈದ್ಯರನ್ನು ಹೊಂದಿಸಿಕೊಡುವ ತಂಡ. ಮುಖ್ಯ ಕಚೇರಿಯಲ್ಲಿ ಕುಟುಂಬದವರು, ಸರ್ಕಾರ, ಪತ್ರಿಕೆಗಳನ್ನು ನೋಡಿಕೊಳ್ಳುವ ತಂಡ. ಪ್ಲಾಟ್‌ಫಾರ್ಮ್ ಬಿಟ್ಟು ಹೊರಡುವ ಆದೇಶ ಓಐಎಂ ಅವರದ್ದೇ. ದಡದವರು ಕೇಳಿದ್ದನ್ನು ಕೊಡಬೇಕು, ಅಪ್ಪಣೆ ಕೊಡಬಾರದು. ಓಐಎಂ ಬಿದ್ದುಹೋದರೆ ಮುಂದಿನವರು ಯಾರು, ಅವರ ನಂತರ ಯಾರು ಎಂದು ಮೂರು ಹೆಸರು ಗೋಡೆಯ ಮೇಲೆ ಇರಲಿ.

ಪಕ್ಕದ ಪ್ಲಾಟ್‌ಫಾರ್ಮ್‌ಗಳಿಗೂ ಒಂದು ನಿಯಮ ಬೇಕು: ನೆರೆಯಲ್ಲಿ ಬೆಂಕಿ ಕಂಡರೆ ಯಾರನ್ನೂ ಕೇಳದೆ ವಾಲ್ವ್ ಮುಚ್ಚಿ. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ಹೊತ್ತಿ ಉರಿಯುತ್ತಿದ್ದಾಗಲೂ ನೆರೆಯ ಪ್ಲಾಟ್‌ಫಾರ್ಮ್‌ಗಳಿಂದ ಎಣ್ಣೆ, ಗ್ಯಾಸ್ ಹರಿವು ಕೂಡಲೇ ನಿಲ್ಲಲಿಲ್ಲ. ಅಲ್ಲಿ ಸತ್ತವರು 167 ಜನ.

ಹೆಜ್ಜೆ 2: ಕಾಗದ

ಗ್ಯಾಸ್ ಸೋರಿಕೆ, ತೈಲಬಾವಿ ಹತೋಟಿ ತಪ್ಪಿ ಚಿಮ್ಮುವುದು, ಹಡಗಿನ ಡಿಕ್ಕಿ, ಹೆಲಿಕಾಪ್ಟರ್ ಅಪಘಾತ, ಚಂಡಮಾರುತ, ನೀರಿಗೆ ಬಿದ್ದ ಮನುಷ್ಯ: ಒಂದೊಂದಕ್ಕೂ ಏನು ಮಾಡಬೇಕೆಂದು ಬರೆದ ಒಂದೇ ಹಾಳೆ ಸಾಕು. ಇನ್ನೊಂದು ಪ್ಲಾಟ್‌ಫಾರ್ಮ್‌ನ ಯೋಜನೆಯನ್ನು ನಕಲು ಮಾಡಬೇಡಿ. ಅದರ ಮೆಟ್ಟಿಲು ನಿಮ್ಮಲ್ಲಿ ಇರುವುದಿಲ್ಲ.

ಹೆಜ್ಜೆ 3: ಮಸ್ಟರ್

ಸೈರನ್ ಕೇಳಿದ ಕೂಡಲೇ ಎಲ್ಲರೂ ಗೊತ್ತುಪಡಿಸಿದ ಜಾಗಕ್ಕೆ ಬಂದು ಲೆಕ್ಕ ಕೊಡುವುದೇ ಮಸ್ಟರ್. ಒಳಗೆ ಸಿಕ್ಕಿಕೊಂಡವರನ್ನು ಹುಡುಕಲು ಜನರನ್ನು ಕಳಿಸಬೇಕೇ, ಲೈಫ್‌ಬೋಟ್ ಇಳಿಸಬಹುದೇ, ಯಾರ ಮನೆಗೆ ಫೋನ್ ಮಾಡಬೇಕು ಎನ್ನುವುದೆಲ್ಲ ಇದರ ಮೇಲೆ ನಿಂತಿದೆ.

ಲೆಕ್ಕ ಕೆಡುವುದು ಸೈರನ್‌ಗೂ ಮೊದಲೇ. ಹೆಲಿಕಾಪ್ಟರಿನಲ್ಲಿ ಬಂದಿಳಿದವರ ಪಟ್ಟಿ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಪಕ್ಕದ ರಿಗ್‌ನಿಂದ, ಅಂದರೆ ಬಾವಿ ಕೊರೆಯುವ ಕಟ್ಟೆಯಿಂದ, ಸೇತುವೆ ದಾಟಿ ಅರ್ಧ ಗಂಟೆಯ ಕೆಲಸಕ್ಕೆ ಬಂದ ವೆಲ್ಡರ್, ಸಪ್ಲೈ ಬೋಟಿನಿಂದ ಹತ್ತಿ ಬಂದ ಗುತ್ತಿಗೆ ಕೆಲಸಗಾರ ಆ ಪಟ್ಟಿಯಲ್ಲಿ ಇರುವುದಿಲ್ಲ. ಸೇತುವೆಯ ಬಾಯಲ್ಲೇ ಒಂದು ಬೋರ್ಡ್ ಹಾಕಿ. ಹೆಸರು ತೂಗುಹಾಕದೆ ಯಾರೂ ದಾಟಬಾರದು. ಪಟ್ಟಿಯ ಒಂದು ಪ್ರತಿ ರೇಡಿಯೊ ಕೋಣೆಯಲ್ಲಿರಲಿ. ಪ್ರತಿ ಬದಲಾವಣೆಯಾದಾಗಲೂ ಇನ್ನೊಂದು ಪ್ರತಿ ದಡಕ್ಕೆ ಹೋಗಲಿ. ಪ್ಲಾಟ್‌ಫಾರ್ಮ್ ಸುಟ್ಟರೆ ಉಳಿಯುವುದು ಆ ಪ್ರತಿ ಮಾತ್ರ.

ಎಣಿಕೆಗೆ ಟಿ-ಕಾರ್ಡ್ ಬಳಸಿ. ಅಂಗೈ ಅಗಲದ ದಪ್ಪ ಕಾಗದದ ಕಾರ್ಡ್, ಒಂದು ಮುಖ ಕೆಂಪು, ಇನ್ನೊಂದು ಹಸಿರು. ಅದರ ಮೇಲೆ ಹೆಸರು, ಕಂಪನಿ, ಕೋಣೆ ಮತ್ತು ಹಾಸಿಗೆ ಸಂಖ್ಯೆ, ಹಗಲು ಪಾಳಿಯೋ ರಾತ್ರಿ ಪಾಳಿಯೋ, ಯಾವ ಲೈಫ್‌ಬೋಟ್ ಎಂದು ಬರೆದಿರಬೇಕು. ಬಂದವರು ತಮ್ಮ ಕಾರ್ಡನ್ನು ತಾವೇ ಹಸಿರಿಗೆ ತಿರುಗಿಸಬೇಕು. ‘ಅವನೂ ಹಿಂದೆಯೇ ಬರ್ತಿದ್ದಾನೆ’ ಎಂದು ಗೆಳೆಯನ ಕಾರ್ಡ್ ತಿರುಗಿಸಲು ಯಾರಿಗೂ ಬಿಡಬೇಡಿ. ಆ ಗೆಳೆಯ ಮೆಟ್ಟಿಲಲ್ಲಿ ಹೊಗೆಗೆ ಕುಸಿದಿದ್ದರೆ ಅವನನ್ನು ಹುಡುಕುವವರೇ ಇರುವುದಿಲ್ಲ.

ಬಾಗಿಲಲ್ಲಿ ಸ್ಕ್ಯಾನ್ ಮಾಡುವ ಕಾರ್ಡ್ ಯಂತ್ರ, ಮೊಬೈಲ್ ಆ್ಯಪ್ ಮಾರುವವರು ಬರುತ್ತಾರೆ. ಅವನ್ನು ಎರಡನೇ ಸಾಲಿನಲ್ಲಿ ಇಡಿ. ಗ್ಯಾಸ್ ಪತ್ತೆಯಾದ ಕೂಡಲೇ ಕಿಡಿ ಹಾರದಂತೆ ವಿದ್ಯುತ್ ಕಡಿಯುವ ವ್ಯವಸ್ಥೆ ಪ್ಲಾಟ್‌ಫಾರ್ಮ್‌ನಲ್ಲಿ ಇರುತ್ತದೆ. ವೈ-ಫೈ ನೆಚ್ಚಿದ ಯಂತ್ರ ಕೈಕೊಡುವುದು ಸರಿಯಾಗಿ ಆ ಹೊತ್ತಿಗೇ.

ನದಿ ದಾಟಿದ ಹತ್ತು ಶಿಷ್ಯರು ಎಣಿಸಿದಷ್ಟು ಸಲವೂ ಒಂಬತ್ತೇ ಬಂದು, ಒಬ್ಬ ಕೊಚ್ಚಿಹೋದನೆಂದು ಅತ್ತ ಕಥೆ ಎಲ್ಲರಿಗೂ ಗೊತ್ತು. ಎಣಿಸುವವನು ತನ್ನನ್ನು ಬಿಡುವುದು ಮಸ್ಟರ್‌ನಲ್ಲೂ ಆಗುತ್ತದೆ. ಎಣಿಸುವವರ ಕಾರ್ಡ್ ಎಲ್ಲಕ್ಕಿಂತ ಮೊದಲು ತಿರುಗಲಿ. ಬೆಂಕಿ ಆರಿಸುವ ತಂಡ, ಕಂಟ್ರೋಲ್ ರೂಮ್, ಆಸ್ಪತ್ರೆ ಕೋಣೆ, ಹೆಲಿಡೆಕ್ (ಹೆಲಿಕಾಪ್ಟರ್ ಇಳಿಯುವ ಕಟ್ಟೆ) ಸಿಬ್ಬಂದಿ ಮಸ್ಟರ್ ಜಾಗಕ್ಕೆ ಬರುವುದಿಲ್ಲ. ಅವರ ಮುಖ್ಯಸ್ಥರು ತಮ್ಮವರ ಹೆಸರುಗಳನ್ನು ರೇಡಿಯೊದಲ್ಲಿ ಹೇಳಬೇಕು. ಇದನ್ನು ಮರೆತರೆ ಬೆಂಕಿಯ ಮುಂದೆ ಮೆದುಗೊಳವೆ ಹಿಡಿದು ನಿಂತವರನ್ನೇ ‘ಕಾಣೆ’ ಎಂದು ಹುಡುಕಲು ಹೊರಡುತ್ತಾರೆ.

ಓಐಎಂಗೆ ಕೊಡುವ ವರದಿ ಸಂಖ್ಯೆಯಾಗಿರಬಾರದು. ‘ನಲವತ್ತೆಂಟಕ್ಕೆ ನಲವತ್ತೆಂಟು ಸರಿ’ ಎಂದರೆ ಏನೂ ತಿಳಿಯುವುದಿಲ್ಲ. ಒಬ್ಬರು ಒಳಗೆ ಸಿಕ್ಕಿಕೊಂಡು, ಬೇರೆ ಮಸ್ಟರ್ ಜಾಗದ ಒಬ್ಬರು ಗಾಬರಿಯಲ್ಲಿ ಇಲ್ಲಿಗೆ ಬಂದಿದ್ದರೂ ಲೆಕ್ಕ ಸರಿಬರುತ್ತದೆ. ಕೆಂಪಾಗಿ ಉಳಿದ ಕಾರ್ಡುಗಳ ಹೆಸರನ್ನೇ ಓದಿ ಹೇಳಿ. ಇದೆಲ್ಲ ಸೈರನ್ ಆದ 15 ನಿಮಿಷದೊಳಗೆ ಮುಗಿಯಬೇಕು.

ಕಾಣೆಯಾದವರ ಹೆಸರು ಸಿಕ್ಕಿದ ಮೇಲೆ ಮೊದಲು ಕೆಲಸದ ಪರ್ಮಿಟ್ ಬೋರ್ಡ್ ನೋಡಿ, ಅವರು ಎಲ್ಲಿದ್ದರೆಂದು ಅದು ಹೇಳುತ್ತದೆ. ನಂತರ ಕೋಣೆ: ರಾತ್ರಿ ಪಾಳಿ ಮುಗಿಸಿದವರು ಕಿವಿಗೆ ಹತ್ತಿಯಿಟ್ಟು ಮಲಗಿರಬಹುದು. ಬಚ್ಚಲು, ಕ್ರೇನ್ ಕ್ಯಾಬಿನ್, ಪಂಪಿನ ಸದ್ದಿನಲ್ಲಿ ಸೈರನ್ ಮುಳುಗುವ ಮೂಲೆಗಳು ಆಮೇಲೆ. ಹುಡುಕಲು ಇಬ್ಬಿಬ್ಬರಾಗಿ, ಉಸಿರಾಟದ ಸಿಲಿಂಡರ್ ತೊಟ್ಟು ಹೋಗಬೇಕು. 30 ನಿಮಿಷ ಎಂದು ಬರೆದಿರುವ ಸಿಲಿಂಡರ್ ಏದುಸಿರಿನಲ್ಲಿ ಮೆಟ್ಟಿಲು ಹತ್ತುವವರಿಗೆ 20 ನಿಮಿಷವೂ ಬರದಿರಬಹುದು. ಹಿಂದಿರುಗುವ ಹೊತ್ತನ್ನು ಹೊರಗಿರುವ ಇನ್ನೊಬ್ಬರು ಗಡಿಯಾರ ನೋಡಿ ಹೇಳಬೇಕು.

ಎಣಿಕೆ ಮುಗಿಯಿತೆಂದು ಕಾಯುತ್ತ ಕೂರುವುದು ಇನ್ನೊಂದು ತಪ್ಪು. ಪೈಪರ್ ಆಲ್ಫಾದಲ್ಲಿ ಎಷ್ಟೋ ಜನ ವಸತಿ ಭಾಗದಲ್ಲಿ ಸೇರಿ ಆದೇಶಕ್ಕೆ ಕಾದರು. ಆದೇಶ ಬರಲಿಲ್ಲ, ಹೊಗೆ ಬಂತು. ತಾವಾಗಿಯೇ ಹಗ್ಗ ಹಿಡಿದು ಇಳಿದವರು, ಸಮುದ್ರಕ್ಕೆ ಹಾರಿದವರು ಸೇರಿ ಬದುಕಿದವರು 61 ಜನ. ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಓಐಎಂ ತಂಡದಲ್ಲಿ ಒಬ್ಬರು ಈ ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಲಿ: ಇಲ್ಲಿಗೆ ಹೊಗೆ ಬರುತ್ತಿದೆಯೇ? ಲೈಫ್‌ಬೋಟ್‌ಗೆ ದಾರಿ ಇನ್ನೂ ತೆರೆದಿದೆಯೇ? ದಾರಿ ಮುಚ್ಚುವ ಲಕ್ಷಣ ಕಂಡರೆ, ಕೆಂಪು ಕಾರ್ಡ್ ಉಳಿದಿದ್ದರೂ ಹೊರಡಬೇಕಾಗುತ್ತದೆ. ಎದೆ ಒಡೆಯುವ ನಿರ್ಧಾರ ಅದು. ಅದನ್ನು ಯಾವ ಗೆರೆ ದಾಟಿದರೆ ತೆಗೆದುಕೊಳ್ಳಬೇಕೆಂದು ಬೆಂಕಿಯಿಲ್ಲದ ದಿನವೇ ಬರೆದಿಟ್ಟುಕೊಳ್ಳಿ.

ಹೆಜ್ಜೆ 4: ಇಳಿಯುವುದು

ಹೆಲಿಕಾಪ್ಟರ್ ಮೊದಲ ಆಯ್ಕೆಯೆಂದು ಎಲ್ಲ ಯೋಜನೆಯೂ ಹೇಳುತ್ತದೆ. ಹೆಲಿಡೆಕ್ ಹೊಗೆಯಲ್ಲಿ ಮುಳುಗಿದರೆ ಆ ಆಯ್ಕೆಯೇ ಇಲ್ಲ. ಮುಚ್ಚಿದ ಲೈಫ್‌ಬೋಟನ್ನೇ ನಂಬಿ ತಯಾರಾಗಿ. ಬೆಂಕಿಯ ನಡುವೆ ಹಾದುಹೋಗಬಲ್ಲ ಬೋಟಿನಲ್ಲಿ ಉಸಿರಾಟದ ಗಾಳಿ ಕನಿಷ್ಠ 10 ನಿಮಿಷಕ್ಕೆ, ಹೊರಗೆ ನೀರು ಚಿಮ್ಮಿ ಉರಿ ತಡೆಯುವುದು ಕನಿಷ್ಠ 8 ನಿಮಿಷಕ್ಕೆ. ಅಷ್ಟರಲ್ಲಿ ಗಾಳಿ ಬರುವ ದಿಕ್ಕಿಗೆ ದೂರ ಸಾಗಬೇಕು.

ಹಳೆಯ ಬೋಟುಗಳ ಆಸನ ಲೆಕ್ಕ ತಲೆಗೆ 75 ಕಿಲೋ. ಬೂಟು, ಲೈಫ್‌ಜಾಕೆಟ್ ತೊಟ್ಟ ದಪ್ಪ ಆಳುಗಳು ಅದರಲ್ಲಿ ಹಿಡಿಸುವುದಿಲ್ಲ. 50 ಆಸನ ಎಂದು ಬರೆದಿದ್ದರೆ 50 ಜನರನ್ನು ಪೂರ್ತಿ ಸಜ್ಜಿನಲ್ಲಿ ನಿಜವಾಗಿ ಕೂರಿಸಿ, ಬಾಗಿಲು ಮುಚ್ಚಿ ನೋಡಿ. ಬೋಟು ತೂಗುವ ಕೊಕ್ಕೆಯನ್ನು ಬಿಡಿಸುವುದು ಅದು ನೀರು ಮುಟ್ಟಿದ ಮೇಲೆಯೇ. ಅಭ್ಯಾಸದ ವೇಳೆ ಕೊಕ್ಕೆ ಮೇಲೆಯೇ ಬಿಟ್ಟುಕೊಂಡು ಸತ್ತವರಿದ್ದಾರೆ. ಅಭ್ಯಾಸದಲ್ಲಿ, ಕೊಕ್ಕೆ ಬಿಟ್ಟರೂ ಬೋಟು ಬೀಳದಂತೆ ಹಿಡಿಯುವ ಸುರಕ್ಷತಾ ಪಟ್ಟಿ ಬಿಗಿಯದೆ ಜನರನ್ನು ಹತ್ತಿಸಬೇಡಿ.

ಲೈಫ್‌ಜಾಕೆಟ್‌ನಲ್ಲಿ ದುಡ್ಡು ಉಳಿಸಬೇಡಿ. ದೋಣಿವಿಹಾರದ ಅಗ್ಗದ ಜಾಕೆಟ್‌ಗೆ ತೊಡೆಸಂದಿಯ ಪಟ್ಟಿ ಇರುವುದಿಲ್ಲ. ಎತ್ತರದಿಂದ ಹಾರಿದರೆ ಅದು ಮೇಲೆ ಜಾರಿ ಮುಖಕ್ಕೆ ಬಡಿಯುತ್ತದೆ.

ಹೆಜ್ಜೆ 5: ಹೊರಗಿನವರು

ತುರ್ತು ಕರೆಗೆ ರೇಡಿಯೊದಲ್ಲಿ ವಿಎಚ್‌ಎಫ್ ಚಾನೆಲ್ 16, ಕರಾವಳಿ ಕಾವಲು ಪಡೆಗೆ ಫೋನ್ 1554. ಜಾಗ, ಜನರ ಸಂಖ್ಯೆ, ಏನಾಗಿದೆ, ಗಾಳಿಯ ದಿಕ್ಕು ಇಷ್ಟು ಹೇಳಿ. ಎಣ್ಣೆ ಸೋರಿದ್ದರೆ ಅದರ ಕೆಲಸವೂ ಈ ಪಡೆಯ ಮುಂದಾಳತ್ವದಲ್ಲೇ ನಡೆಯುತ್ತದೆ. ಜನರು ನೀರಿನಿಂದ ಮೇಲೆ ಬರುವ ತನಕ ಅದು ಎರಡನೇ ಮಾತು.

ಚಂಡಮಾರುತದ ಲೆಕ್ಕವನ್ನು ಹಿಂದಿನಿಂದ ಹಾಕಿ. ಉದಾಹರಣೆಗೆ, ಬಾರ್ಜ್‌ನ, ಅಂದರೆ ಕೆಲಸಗಾರರು ತಂಗುವ ಚಪ್ಪಟೆ ಹಡಗಿನ, ಲಂಗರುಗಳನ್ನು ಎತ್ತಲು 12 ಗಂಟೆ, ಬಂದರಿಗೆ ಎಳೆಯಲು 20 ಗಂಟೆ, ಕೆಟ್ಟುನಿಂತರೆ ಎಂದು 12 ಗಂಟೆ: ಬಿರುಗಾಳಿ ಮುಟ್ಟುವ 44 ಗಂಟೆ ಮೊದಲು ಹೊರಡುವ ತೀರ್ಮಾನ ಆಗಿರಬೇಕು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮುಳುಗಿದ ಪಿ-305 ಬಾರ್ಜ್‌ನಲ್ಲಿ 261 ಜನರಿದ್ದರು. ಮುನ್ಸೂಚನೆ ದಿನಗಳ ಮೊದಲೇ ಇತ್ತು.

ಹೆಜ್ಜೆ 6: ಮನೆಯವರ ಫೋನ್

ಮುಂಬೈ ಹೈನ ಗುತ್ತಿಗೆ ಕೆಲಸಗಾರರು ನಾನಾ ರಾಜ್ಯದವರು. ಕಾರವಾರದ ಹಳ್ಳಿಯ ತಾಯಿಯೊಬ್ಬರು ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡುವವರು ಆ ಕಡೆ ಇರಬೇಕು. ಪ್ರತಿ ಕೆಲಸಗಾರನ ಮನೆಯ ಎರಡು ಫೋನ್ ಸಂಖ್ಯೆ, ಮನೆಮಾತು ಎರಡನ್ನೂ ದಡದ ಪಟ್ಟಿಯಲ್ಲಿ ಮೊದಲೇ ಬರೆಸಿ. ಗುತ್ತಿಗೆದಾರರ ಕಚೇರಿ ಸಂಖ್ಯೆ ಕೊಟ್ಟರೆ ಒಪ್ಪಬೇಡಿ. ‘ಸೇಫ್ ಇರಬಹುದಮ್ಮ’ ಎನ್ನುವ ಊಹೆ ಯಾರ ಬಾಯಿಂದಲೂ ಬರಬಾರದು. ತಿಳಿದಷ್ಟನ್ನು ಹೇಳಿ, ಮತ್ತೆ ಎಷ್ಟು ಗಂಟೆಗೆ ಫೋನ್ ಮಾಡುತ್ತೇವೆಂದು ಹೇಳಿ, ಆ ಗಂಟೆಗೆ ಮಾಡಿ.

ಹೆಜ್ಜೆ 7: ಅಭ್ಯಾಸ

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಂದು ಹೇಳಿ ಮಾಡುವ ಅಭ್ಯಾಸದಿಂದ ಕಲಿಯುವುದು ಕಡಿಮೆ. ರಾತ್ರಿ ಎರಡಕ್ಕೆ ಸೈರನ್ ಹಾಕಿ. ಒಂದು ಮೆಟ್ಟಿಲಿಗೆ ಹಗ್ಗ ಕಟ್ಟಿ, ಹೊಗೆಯಿದೆ ಎನ್ನಿ. ಓಐಎಂ ಅವರನ್ನೇ ಬದಿಗೆ ಕೂರಿಸಿ, ಎರಡನೆಯವರು ನಡೆಸಲಿ. ಒಬ್ಬರನ್ನು ಮೊದಲೇ ಒಪ್ಪಿಸಿ ಕ್ರೇನ್ ಕ್ಯಾಬಿನ್‌ನಲ್ಲಿ ಕೂರಿಸಿ, ಅವರ ಹೆಸರು ರೇಡಿಯೊದಲ್ಲಿ ಎಷ್ಟನೇ ನಿಮಿಷಕ್ಕೆ ಕೇಳಿಬಂತೆಂದು ಬರೆದುಕೊಳ್ಳಿ. ಕೇಳಿಬರದೇ ಹೋದರೆ ಅದೇ ವಾರ ಇನ್ನೊಮ್ಮೆ ಮಾಡಿ, ಈ ಸಲ ಬೇರೆಯವರನ್ನು ಬೇರೆ ಮೂಲೆಯಲ್ಲಿ ಕೂರಿಸಿ.