ಎಸ್‌ಎಂಪಿಎಸ್ ಕೇಬಲ್: ಜೋಡಿಸುವ ಮೊದಲು ತುದಿ ನೋಡಿ

ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವವರನ್ನು ತುಂಬಾ ನೋಡಿದ್ದೇನೆ. ಪ್ರೊಸೆಸರ್ ಕೂರಿಸುವಾಗ ಉಸಿರು ಬಿಗಿ ಹಿಡಿಯುತ್ತಾರೆ. ಕೇಬಲ್ ಹಾಕುವ ಹೊತ್ತಿಗೆ ಅವಸರ. ಸುಡುವುದು ಆಗಲೇ.

ಗೋಡೆಯ ಪ್ಲಗ್ ಕಿತ್ತಿಡಿ. ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ. ಅದಕ್ಕೆ ನಾಲ್ಕು ಸ್ಕ್ರೂ ಹಾಕಿ ಕ್ಯಾಬಿನೆಟ್‌ನಲ್ಲಿ ಕೂರಿಸಿ.

24 ಪಿನ್ನಿನ ದಪ್ಪ ಕೇಬಲ್ ಮದರ್‌ಬೋರ್ಡಿನ ಬಲ ಅಂಚಿಗೆ. ಬೋರ್ಡ್ ಬಾಗದಂತೆ ಅಂಚನ್ನು ಬೆರಳಿನಿಂದ ಹಿಡಿದು ಒತ್ತಿ. ಕೊಕ್ಕೆ ಟಕ್ ಅನ್ನಬೇಕು.

ಈಗ ಕಷ್ಟದ ಜಾಗ. 8 ಪಿನ್ನಿನ ಕೇಬಲ್ ಎರಡು ಬಗೆ ಇರುತ್ತವೆ. ಪ್ರೊಸೆಸರಿನದು 4+4 ಆಗಿ ಬಿಡಿಸಿಕೊಳ್ಳುತ್ತದೆ, ಗ್ರಾಫಿಕ್ಸ್ ಕಾರ್ಡಿನದು 6+2. ನೋಡಲು ಅವಳಿ ಜವಳಿ. ಆದರೆ ಒಂದರಲ್ಲಿ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದರಲ್ಲಿ ಗ್ರೌಂಡ್ ಇರುತ್ತದೆ. ತುದಿಯನ್ನು ಬೆಳಕಿಗೆ ಹಿಡಿಯಿರಿ. ಕೆಲವು ಪಿನ್ನಿನ ಗೂಡು ಚೌಕ, ಕೆಲವಕ್ಕೆ ಮೂಲೆ ಸವರಿರುತ್ತದೆ. ಸಾಕೆಟ್ಟಿನಲ್ಲೂ ಅದೇ ಆಕಾರ ಇದ್ದರೆ ಹಗುರವಾಗಿ ಕೂರುತ್ತದೆ. ಬಲ ಹಾಕಬೇಕಾಯಿತು ಅಂದರೆ ಕೇಬಲ್ ತಪ್ಪಿದೆ, ನಿಲ್ಲಿಸಿ. ಪ್ರೊಸೆಸರಿನ ಸಾಕೆಟ್ ಸಾಮಾನ್ಯವಾಗಿ ಮೇಲಿನ ಎಡಮೂಲೆಯಲ್ಲಿ. ದೊಡ್ಡ ಕೂಲರ್ ಹಾಕಿದ ಮೇಲೆ ಅಲ್ಲಿ ಕೈಯೇ ಹೋಗುವುದಿಲ್ಲ, ಆದ್ದರಿಂದ ಆ ಕೇಬಲ್ ಮೊದಲೇ ಎಳೆದಿಡಿ.

ಕೇಬಲ್ ಬಿಚ್ಚಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟ್ ಅನ್ನುವುದಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ನಮ್ಮ ಅಕ್ಕನ ಮಗ ಹಳೆಯ ಎಸ್‌ಎಂಪಿಎಸ್‌ನ ಸಾಟಾ ಕೇಬಲನ್ನು (ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವುದು) ಬೇರೆ ಕಂಪನಿಯ ಹೊಸದಕ್ಕೆ ಹಾಕಿದ. ಸರಿಯಾಗೇ ಕೂತಿತು. ಸ್ವಿಚ್ ಒತ್ತಿದ ಕ್ಷಣಕ್ಕೆ ಸುಟ್ಟ ವಾಸನೆ. ಹಾರ್ಡ್ ಡಿಸ್ಕ್ ಬಿಚ್ಚಿ ನೋಡಿದರೆ, ಅಕ್ಕಿಕಾಳಿನಷ್ಟು ಚಿಪ್ಪಿನ ಸುತ್ತ ಕಪ್ಪು ಕಲೆ. ಅಜ್ಜಿಯ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಹಳೆ ಕೇಬಲ್ ಇಟ್ಟುಕೊಳ್ಳಲೇಬೇಡಿ ಅಂತ ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ.

ಗ್ರಾಫಿಕ್ಸ್ ಕಾರ್ಡಿನಲ್ಲಿ ಎರಡು ಸಾಕೆಟ್ ಇದ್ದರೆ ಎರಡು ಬೇರೆ ಕೇಬಲ್ ಎಳೆಯಿರಿ. ಒಂದೊಂದು 8 ಪಿನ್ ಸಾಕೆಟ್ಟಿನ ಲೆಕ್ಕ 150 ವ್ಯಾಟ್. ಕವಲೊಡೆದ ಒಂದೇ ಕೇಬಲ್ಲಿಗೆ ಅಷ್ಟೂ ಭಾರ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಹಳೆ ಬಗೆಯ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಗ್ಗದ ಅಚ್ಚು ಹೊಯ್ದ ಅಡಾಪ್ಟರ್ ಅಂತೂ ಬೇಡವೇ ಬೇಡ, ಒಳಗೆ ತಂತಿ ತಾಗಿ ಬೆಂಕಿ ಹತ್ತಿದ್ದುಂಟು.

ಕೊನೆಗೆ ಗೋಡೆಯ ಪ್ಲಗ್. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟೇ ಆಗಬೇಕು. ಎರಡು ಪಿನ್ನಿನ ಕನ್ವರ್ಟರ್ ಹಾಕಿದರೆ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಂ ಅನ್ನುತ್ತದೆ. ಪ್ರೊಸೆಸರ್ ಫ್ಯಾನ್ ತಿರುಗಿ, ಪರದೆ ಬೆಳಗಿದ ಮೇಲೆಯೇ ಕೇಬಲ್ ಟೈ ಬಿಗಿಯಿರಿ.