ರಾಜೀನಾಮೆ ಬರೆಯುವ ಮುನ್ನ: ಅಶಕ್ತತಾ ಪಿಂಚಣಿ ಪಡೆಯುವುದು ಹೇಗೆ?

ದೀರ್ಘಕಾಲದ ಕಾಯಿಲೆಯಿಂದ ಸೋತ ಕೇಂದ್ರ ಸರ್ಕಾರಿ ನೌಕರರು ಮಾಡುವ ಮೊದಲ ತಪ್ಪೇ ರಾಜೀನಾಮೆ. ಅದನ್ನು ಕೊಟ್ಟರೆ ಹಿಂದಿನ ಸೇವೆಯೆಲ್ಲ ಲೆಕ್ಕದಿಂದ ಹೋಗುತ್ತದೆ, ಪಿಂಚಣಿಯೂ ಇಲ್ಲ. ಸ್ವಯಂ ನಿವೃತ್ತಿಗೆ 20 ವರ್ಷದ ಸೇವೆ ಬೇಕು. ನಿಮಗಿರುವ ದಾರಿ 2021ರ ಪಿಂಚಣಿ ನಿಯಮಗಳ 39ನೇ ನಿಯಮ: ಕಾಯಿಲೆಯಿಂದ ಶಾಶ್ವತವಾಗಿ ಕೆಲಸ ಮಾಡಲಾಗದವರಿಗೆ ಸಿಗುವ ಅಶಕ್ತತಾ ಪಿಂಚಣಿ, ಕಚೇರಿಯವರ ಬಾಯಲ್ಲಿ ‘ಇನ್‌ವ್ಯಾಲಿಡ್ ಪೆನ್ಷನ್’.

ಮೊದಲು ಕಾಯಿಲೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿದೆಯೇ ನೋಡಿ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ ಅದರಲ್ಲಿವೆ. ಇದ್ದರೆ 20ನೇ ಕಲಂ ನಿಮ್ಮ ಪರ: ಇಲಾಖೆ ನಿಮ್ಮನ್ನು ಮನೆಗೆ ಕಳಿಸುವಂತಿಲ್ಲ, ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು, ಹುದ್ದೆ ಖಾಲಿಯಿಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿಯಾದರೂ ಇಟ್ಟುಕೊಳ್ಳಬಹುದು. ಕೆಲಸ ಮಾಡುವ ಶಕ್ತಿ ಸ್ವಲ್ಪ ಉಳಿದಿದ್ದರೂ ಇದನ್ನೇ ಹಿಡಿಯಿರಿ. ಪೂರ್ತಿ ಸಂಬಳ ಪಿಂಚಣಿಗಿಂತ ಎಂದೂ ಮೇಲು. ಮೂತ್ರಪಿಂಡ ವೈಫಲ್ಯ, ಹೃದ್ರೋಗ ಆ ಪಟ್ಟಿಯಲ್ಲಿಲ್ಲ. ಅಂಥ ಕಾಯಿಲೆಯವರಿಗೆ ಪಿಂಚಣಿಯ ದಾರಿಯೇ.

ಅಶಕ್ತತಾ ಪಿಂಚಣಿಗಾಗಿ ಇಲಾಖೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಎಡವುವುದು ವೈದ್ಯಕೀಯ ಪ್ರಮಾಣಪತ್ರದಲ್ಲಿ. ಖಾಸಗಿ ತಜ್ಞರ ಚೀಟಿ ಇಲ್ಲಿ ನಡೆಯದು. ಇಲಾಖೆಯೇ ನಿಮ್ಮನ್ನು ವೈದ್ಯಾಧಿಕಾರಿಯ ಬಳಿ ಕಳಿಸಬೇಕು, ಗೆಜೆಟೆಡ್ ಅಧಿಕಾರಿಗಾದರೆ ಮೆಡಿಕಲ್ ಬೋರ್ಡೇ ಆಗಬೇಕು. ಇಲಾಖೆಯ ಪತ್ರವಿಲ್ಲದೆ ನೇರವಾಗಿ ಹೋದವರು ಬರಿಗೈಯಲ್ಲಿ ವಾಪಸಾಗುತ್ತಾರೆ. ಬೋರ್ಡಿನ ಮುಂದೆ ರೋಗದ ಹೆಸರಷ್ಟೇ ಹೇಳಿದರೆ ಸಾಲದು, ಅದು ಕೆಲಸವನ್ನು ಎಲ್ಲಿ ತಡೆಯುತ್ತದೆ ಎಂಬುದು ಕಾಣಬೇಕು. ‘ಸಂಧಿವಾತವಿದೆ’ ಎನ್ನುವ ಬದಲು ‘ಹತ್ತು ನಿಮಿಷಕ್ಕಿಂತ ಹೆಚ್ಚು ಟೈಪ್ ಮಾಡಲಾಗದು, ಕಡತ ಎತ್ತಲಾಗದು’ ಎಂದು ನಿಮ್ಮ ವೈದ್ಯರಿಂದ ಬರೆಸಿ. ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ; ಚಿಕಿತ್ಸೆ ಫಲಿಸಲಿಲ್ಲ ಎಂಬುದು ಆ ಸರಣಿಯಿಂದಲೇ ತಿಳಿಯಬೇಕು. ಪ್ರಮಾಣಪತ್ರ ಕೈಗೆ ಬಂದಾಗ ಓದದೆ ಹೊರಡಬೇಡಿ. ‘ಶಾಶ್ವತವಾಗಿ ಅಶಕ್ತ’ ಎಂದಿರಬೇಕು. ‘ಸದ್ಯಕ್ಕೆ’ ಎಂದಿದ್ದರೆ ಸಿಗುವುದು ರಜೆ. ‘ಹಗುರ ಕೆಲಸಕ್ಕೆ ಯೋಗ್ಯ’ ಎಂದಿದ್ದರೆ ಬೇರೆ ಹುದ್ದೆಯ ಮಾತು ಬರುತ್ತದೆ. ದುಡ್ಡಿಗೆ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳ ಹತ್ತಿರವೂ ಸುಳಿಯಬೇಡಿ, ಸಿಕ್ಕಿಬಿದ್ದರೆ ಕೆಲಸ, ಪಿಂಚಣಿ ಎರಡಕ್ಕೂ ಕುತ್ತು.

ಸೇವೆಯಲ್ಲಿ ಹತ್ತು ವರ್ಷ ತುಂಬದವರಿಗೆ ಹಿಂದೆ ಪಿಂಚಣಿ ಇರಲಿಲ್ಲ. 2019ರ ತಿದ್ದುಪಡಿಯಿಂದ ಅವರಿಗೂ ಸಿಗುತ್ತದೆ. ಆದರೆ ಸೇರುವಾಗ ವೈದ್ಯಕೀಯ ಪರೀಕ್ಷೆಯಲ್ಲಿ ಯೋಗ್ಯರೆಂದು ತೇರ್ಗಡೆಯಾಗಿರಬೇಕು, ಆ ಪ್ರಮಾಣಪತ್ರ ಸೇವಾ ಪುಸ್ತಕದಲ್ಲಿದೆಯೇ ಎಂದು ಇಂದೇ ನೋಡಿ. 2004ರ ಜನವರಿ 1ರಂದು ಅಥವಾ ನಂತರ ಸೇರಿ ಎನ್‌ಪಿಎಸ್‌ನಲ್ಲಿರುವವರು (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ತಮ್ಮ ಆಯ್ಕೆ ಪತ್ರವನ್ನೂ, ಅಂದರೆ ಸಾವು ಅಥವಾ ಅಶಕ್ತತೆ ಬಂದರೆ ಹಳೆಯ ನಿಯಮದ ಪಿಂಚಣಿ ಬೇಕೋ ಎನ್‌ಪಿಎಸ್ ಹಣ ಬೇಕೋ ಎಂದು ಆರಿಸಿ ಕೊಟ್ಟ ಪತ್ರವನ್ನೂ, ಪರಿಶೀಲಿಸಿಕೊಳ್ಳಬೇಕು.

ಪಿಂಚಣಿಯ ಒಂದು ಭಾಗವನ್ನು ಇಡಿಗಂಟಾಗಿ ಪಡೆಯುವ ಆಲೋಚನೆಯಿದ್ದರೆ, ಅಶಕ್ತತೆಯಿಂದ ನಿವೃತ್ತರಾದವರು ಅದಕ್ಕಾಗಿ ಮತ್ತೊಮ್ಮೆ ವೈದ್ಯಕೀಯ ಪರೀಕ್ಷೆಗೆ ಹಾಜರಾಗಬೇಕು. ಆ ಹಣ ಬಂದೇ ಬಿಡುತ್ತದೆಂದು ಮೊದಲೇ ಸಾಲ ಮಾಡಬೇಡಿ.