ಕೊರಿಯನ್ ಅಂಗಡಿಗೆ ಹೋಗುವ ಸಸ್ಯಾಹಾರಿಗಳಿಗೆ
ನ್ಯೂಜೆರ್ಸಿಯ ಪ್ಯಾಲಿಸೇಡ್ಸ್ ಪಾರ್ಕ್, ಫೋರ್ಟ್ ಲೀ ಕಡೆ ಇರುವವರು ದೊಡ್ಡ ಸೂಪರ್ ಮಾರ್ಕೆಟ್ ಬಿಟ್ಟು, ಒಮ್ಮೆ ಮನೆಮಂದಿಯೇ ನಡೆಸುವ ಸಣ್ಣ ಕೊರಿಯನ್ ಅಂಗಡಿಗೆ ಹೋಗಿ ನೋಡಿ. ಫ್ರಿಜ್‌ನಲ್ಲಿ ಅವರೇ ಮಾಡಿಟ್ಟ ಕಿಮ್ಚಿ (ಖಾರ ಹಾಕಿ ಹುಳಿ ಬರಿಸಿದ ತರಕಾರಿ, ಹೆಚ್ಚಾಗಿ ಕೋಸು) ಸಿಕ್ಕರೆ ತುಂಬಾ ತಾಜಾ ಇರುತ್ತದೆ. ಆದರೆ ಸಸ್ಯಾಹಾರಿಗಳು ಸುಮ್ನೆ ಎತ್ತಿಕೊಂಡು ಬರಬೇಡಿ. ಕಿಮ್ಚಿ ಅಂದರೆ ಬರೀ ಕೋಸು ಅಂದುಕೊಳ್ಳುತ್ತೇವೆ ಅಲ್ವಾ, ಸಾಮಾನ್ಯವಾಗಿ ಅದಕ್ಕೆ ಉಪ್ಪಿನಲ್ಲಿ ಹಾಕಿಟ್ಟ ಸಿಗಡಿ ಇಲ್ಲವೇ ಮೀನಿನ ಸಾಸ್ ಬಿದ್ದಿರುತ್ತದೆ, ಅದಕ್ಕೇ ಡಬ್ಬಿಯ ಚೀಟಿ ಓದಿದರೂ ಕೌಂಟರಿನಲ್ಲಿ ಇರುವವರನ್ನು ಇನ್ನೊಮ್ಮೆ ಕೇಳಿ. ಮೊದಲು 'ಅನ್ಯೊಂಗ್‌ಹಸೆಯೊ' ಎಂದು ನಮಸ್ಕಾರ ಹೇಳಿ, ಖುಷಿಪಡುತ್ತಾರೆ.

ಗೊಚುಗರು ಎಂಬ ಮೆಣಸಿನ ಪುಡಿಯನ್ನೂ ತನ್ನಿ. ನಮ್ಮ ಬ್ಯಾಡಗಿ ತರಹ, ಬಣ್ಣ ಜಾಸ್ತಿ, ಖಾರ ಕಡಿಮೆ. ಅವರ ದಪ್ಪ ಮೂಲಂಗಿ ಹುಳಿಗೆ ಬಹಳ ಚೆನ್ನಾಗಿರುತ್ತದೆ.